ಗಾಥರು, ವ್ಯಾಂಡಲರು ಮತ್ತು ರೋಮಿನ ಗೋಧಿ

ವ್ಯಾಂಡಲರ ಹೆಸರು ಇಂದು ಒಂದು ಬೈಗುಳವಾಗಿ ಉಳಿದುಕೊಂಡಿದೆ. ಫ್ರಾನ್ಸಿನ ಮಹಾಕ್ರಾಂತಿಯ ದಿನಗಳಲ್ಲಿ ಕಲಾಕೃತಿಗಳೂ ಗ್ರಂಥಗಳೂ ನಾಶವಾಗುತ್ತಿದ್ದುದನ್ನು ಖಂಡಿಸುತ್ತ, ೧೭೯೪ರಲ್ಲಿ ಗ್ರೆಗ್ವಾರ್ ಎಂಬ ಬಿಷಪನು ‘ವ್ಯಾಂಡಲಿಸಂ’ ಎಂಬ ಪದವನ್ನು ಬಳಕೆಗೆ ತಂದನು. ‘ಗಾಥಿಕ್’ ಎಂಬ ಮಾತೂ ಇಟಲಿಯ ವಿದ್ವಾಂಸರ ಬಾಯಲ್ಲಿ ಮೊದಲಿಗೆ ನಿಂದೆಯ ಮಾತೇ ಆಗಿದ್ದಿತು. ಈ ಎರಡು ಪದಗಳ ನೆರಳು ಇತಿಹಾಸದ ಮೇಲೂ ಬಿದ್ದಿದೆ. ನಮ್ಮ ಕಾಲೇಜುಗಳ ಉತ್ತರಪತ್ರಿಕೆಗಳಲ್ಲಿ ರೋಮಿನ ಪತನವು ಒಂದು ನೆರೆಹಾವಳಿಯಂತೆ ವರ್ಣಿತವಾಗುತ್ತದೆ: ಉತ್ತರದಿಂದ ಅನಾಗರಿಕ ಜನಾಂಗಗಳು ನುಗ್ಗಿದವು, ೪೧೦ರಲ್ಲಿ ಅಲಾರಿಕನೂ ೪೫೫ರಲ್ಲಿ ಗೈಸೆರಿಕನೂ ರೋಮ್ ನಗರವನ್ನು ಸೂರೆಗೊಂಡರು, ೪೭೬ರಲ್ಲಿ ಎಲ್ಲವೂ ಮುಗಿಯಿತು. ಈ ಇಸವಿಗಳ ನಡುವೆ ೪೩೯ಕ್ಕೆ ಸ್ಥಳವೇ ಇರುವುದಿಲ್ಲ. ಆ ವರ್ಷದ ಅಕ್ಟೋಬರ್ ೧೯ರಂದು ಆಫ್ರಿಕದ ಕಾರ್ಥೇಜ್ ನಗರವು ವ್ಯಾಂಡಲರ ಕೈವಶವಾಯಿತು. ಅಲ್ಲಿ ಹೇಳಿಕೊಳ್ಳುವಂಥ ಕದನವೇನೂ ನಡೆಯಲಿಲ್ಲ. ಆದಕಾರಣವೇ ಪಠ್ಯಪುಸ್ತಕಗಳು ಅದನ್ನು ಒಂದು ವಾಕ್ಯದಲ್ಲಿ ಮುಗಿಸಿಬಿಡುತ್ತವೆ. ಆದರೆ ಪಶ್ಚಿಮ ರೋಮನ್ ಚಕ್ರಾಧಿಪತ್ಯಕ್ಕೆ ಮರಳಿ ತುಂಬಿಕೊಳ್ಳಲಾಗದ ನಷ್ಟವಾದುದು ಯಾವಾಗ ಎಂದು ಕೇಳಿದರೆ ನಾವು ಆ ದಿನವನ್ನೇ ತೋರಿಸುತ್ತೇವೆ. ಈ ಯುದ್ಧಗಳಲ್ಲಿ ಕತ್ತಿಯ ಜಾಡನ್ನು ಹಿಡಿದು ಹೋಗುವುದಕ್ಕಿಂತ ಗೋಧಿಯ ಜಾಡನ್ನು ಹಿಡಿದು ಹೋದರೆ ಅವುಗಳ ಸ್ವರೂಪ ಹೆಚ್ಚು ಸ್ಪಷ್ಟವಾಗುವುದೆಂಬುದು ನಮ್ಮ ಅಭಿಪ್ರಾಯ.

ರೋಮ್ ನಗರವು ತನ್ನ ಅನ್ನವನ್ನು ತಾನು ಬೆಳೆದುಕೊಳ್ಳುತ್ತಿರಲಿಲ್ಲ. ಪೂರ್ವಕಾಲದಲ್ಲಿ ಅದರ ಗೋಧಿ ಸಿಸಿಲಿ, ಈಜಿಪ್ಟ್ ಮತ್ತು ಉತ್ತರ ಆಫ್ರಿಕಗಳಿಂದ ಬರುತ್ತಿದ್ದಿತು. ೩೩೦ರಲ್ಲಿ ಕಾನ್‌ಸ್ಟಾಂಟಿನೋಪಲ್ ಹೊಸ ರಾಜಧಾನಿಯಾದ ಮೇಲೆ ಈಜಿಪ್ಟಿನ ಧಾನ್ಯ ಆ ಕಡೆಗೆ ತಿರುಗಿತು. ಅಲ್ಲಿಂದ ಮುಂದೆ ಹಳೆಯ ರಾಜಧಾನಿಗೆ ಕಾರ್ಥೇಜಿನ ಸುತ್ತಲಿನ ಪ್ರಾಂತಗಳೇ ಮುಖ್ಯ ಆಧಾರವಾದುವು. ಅಲ್ಲಿನ ಗೋಧಿ ಮತ್ತು ಆಲಿವ್ ಎಣ್ಣೆಯ ದೊಡ್ಡ ಭಾಗ ಸರ್ಕಾರಕ್ಕೆ ಕಂದಾಯರೂಪವಾಗಿ ಸಲ್ಲುತ್ತಿತ್ತು. ಅದನ್ನು ಸಾಗಿಸುವ ಹೊಣೆ ಹೊತ್ತ ಹಡಗಿನ ಒಡೆಯರಿಗೆ ಇತರ ತೆರಿಗೆಗಳಲ್ಲಿ ವಿನಾಯಿತಿಯಿದ್ದಿತು. ಟೈಬರ್ ನದಿಯ ಮುಖದಲ್ಲಿದ್ದ ಪೋರ್ಟಸ್ ಬಂದರಿನಲ್ಲಿ ಧಾನ್ಯವನ್ನು ಇಳಿಸಿ, ಕಣಜಗಳಲ್ಲಿ ತುಂಬಿ, ದೋಣಿಗಳಲ್ಲಿ ನಗರಕ್ಕೆ ಒಯ್ಯುತ್ತಿದ್ದರು. ಇನ್ನೂ ಒಂದು ವಿಷಯವನ್ನು ಗಮನಿಸಬೇಕು. ರೈನ್ ಮತ್ತು ಡ್ಯಾನ್ಯೂಬ್ ಗಡಿಯ ಪ್ರಾಂತಗಳ ಆದಾಯವು ಬಹುಮಟ್ಟಿಗೆ ಆ ಗಡಿಗಳ ದಂಡಿಗೇ ವೆಚ್ಚವಾಗುತ್ತಿತ್ತು. ಆಫ್ರಿಕಕ್ಕೆ ಅಂಥ ಪ್ರಬಲ ಶತ್ರುವಿರಲಿಲ್ಲ; ಅಲ್ಲಿನ ಸೈನ್ಯ ಚಿಕ್ಕದು, ಆದಾಯ ದೊಡ್ಡದು. ಉಳಿಕೆಯೆಲ್ಲ ಇಟಲಿಗೆ ಬರುತ್ತಿದ್ದಿತು.

ಇನ್ನು ಗಾಥರ ವಿಚಾರ. ೩೭೬ರಲ್ಲಿ ಹೂಣರ ಒತ್ತಡವನ್ನು ತಾಳಲಾರದೆ ಗಾಥರ ದೊಡ್ಡದೊಂದು ಗುಂಪು ಹೆಂಡಿರು ಮಕ್ಕಳ ಸಮೇತ ಡ್ಯಾನ್ಯೂಬ್ ನದಿಯ ದಡಕ್ಕೆ ಬಂದು ನಿಂತು ಆಶ್ರಯ ಬೇಡಿತು. ಚಕ್ರವರ್ತಿ ವೇಲೆನ್ಸನು ಒಪ್ಪಿದನು. ಅವನಿಗೆ ಸೈನಿಕರು ಬೇಕಾಗಿದ್ದರು. ನದಿ ದಾಟಿ ಬಂದವರಿಗೆ ಆಹಾರ ಒದಗಿಸುವ ಹೊಣೆ ಲೂಪಿಸಿನಸ್ ಮತ್ತು ಮ್ಯಾಕ್ಸಿಮಸ್ ಎಂಬ ಇಬ್ಬರು ಅಧಿಕಾರಿಗಳ ಮೇಲೆ ಬಿತ್ತು. ಅವರು ಮಾಡಿದುದನ್ನು ಅಮಿಯಾನಸ್ ಮಾರ್ಸೆಲಿನಸನು ಮುಚ್ಚುಮರೆಯಿಲ್ಲದೆ ಬರೆದಿಟ್ಟಿದ್ದಾನೆ. ಹಸಿದ ಗಾಥರಿಗೆ ಅವರು ನಾಯಿಗಳನ್ನು ಹಿಡಿಸಿ ಮಾರಿದರು. ಒಂದು ನಾಯಿಗೆ ಒಬ್ಬ ಗುಲಾಮ ಎಂಬುದು ದರ. ಹಾಗೆ ಮಾರಾಟವಾದವರಲ್ಲಿ ಗಾಥ ನಾಯಕರ ಮಕ್ಕಳೂ ಇದ್ದರು. ಅಮಿಯಾನಸನು ಸ್ವತಃ ರೋಮನ್ ಸೈನ್ಯದಲ್ಲಿ ಅಧಿಕಾರಿಯಾಗಿದ್ದವನು. ಗಾಥರ ಮೇಲೆ ಅವನಿಗೆ ಪ್ರೀತಿಯೇನೂ ಇರಲಿಲ್ಲ. ಆದುದರಿಂದ ಅವನ ಸಾಕ್ಷ್ಯವನ್ನು ನಾವು ನಂಬಲೇಬೇಕಾಗುತ್ತದೆ. ಮಾರ್ಸಿಯಾನೋಪಲ್ ಎಂಬಲ್ಲಿ ಲೂಪಿಸಿನಸನು ಗಾಥ ನಾಯಕರನ್ನು ಔತಣಕ್ಕೆ ಕರೆದು ಅವರ ಅಂಗರಕ್ಷಕರನ್ನು ಕೊಲ್ಲಿಸಿದ ಮೇಲೆ ಬಹಿರಂಗ ಯುದ್ಧ ಆರಂಭವಾಯಿತು.

೩೭೮ರ ಆಗಸ್ಟ್ ೯ರಂದು ನಡೆದ ಏಡ್ರಿಯಾನೋಪಲ್ ಕದನವನ್ನು ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. ಪಶ್ಚಿಮದ ಚಕ್ರವರ್ತಿ ಗ್ರೇಷಿಯನ್ನನ ನೆರವಿಗೆ ಕಾಯದೆ ವೇಲೆನ್ಸನು ಹೊರಟನು. ಅವನ ದಂಡು ಸುಡುಬಿಸಿಲಿನಲ್ಲಿ ಅನ್ನನೀರಿಲ್ಲದೆ ನಡೆದು ಗಾಥರ ಬಂಡಿಗಳ ಕೋಟೆಯ ಮುಂದೆ ನಿಂತಿತು. ದೂರ ಹೋಗಿದ್ದ ಗಾಥರ ಕುದುರೆಸವಾರರು ಹಠಾತ್ತನೆ ಹಿಂದಿರುಗಿದರು. ಸೈನ್ಯದ ಮೂರರಲ್ಲಿ ಎರಡು ಪಾಲು ಮಡಿಯಿತು. ಚಕ್ರವರ್ತಿಯ ಶವವೂ ಸಿಗಲಿಲ್ಲ. ನಮಗೆ ಹೆಚ್ಚು ಅರ್ಥಗರ್ಭಿತವಾಗಿ ಕಾಣುವುದು ಅನಂತರದ ಸಂಗತಿ. ಇಷ್ಟು ದೊಡ್ಡ ಜಯ ಪಡೆದ ಗಾಥರು ಏಡ್ರಿಯಾನೋಪಲ್ ನಗರದ ಗೋಡೆಯನ್ನೇ ಹತ್ತಲಾರದೆ ಹೋದರು. ಕಾನ್‌ಸ್ಟಾಂಟಿನೋಪಲಿನ ಕೋಟೆಯನ್ನು ನೋಡಿ ಹಿಂದಿರುಗಿದರು. ಅವರ ನಾಯಕ ಫ್ರಿಟಿಗರ್ನನಿಗೆ ಕೋಟೆಗಳೊಡನೆ ಕಾದುವುದು ವ್ಯರ್ಥವೆಂಬ ಅರಿವು ಮೊದಲೇ ಇದ್ದಿತು. ಧಾನ್ಯವೆಲ್ಲ ಗೋಡೆಗಳ ಒಳಗಿದೆ, ಗಾಥರು ಹೊರಗಿದ್ದಾರೆ. ಹೊಲಗಳನ್ನು ಸುಲಿದು ಎಷ್ಟು ದಿನ ಬದುಕಬಹುದು? ೩೮೨ರಲ್ಲಿ ಡ್ಯಾನ್ಯೂಬಿನ ದಕ್ಷಿಣಕ್ಕೆ ಭೂಮಿ ಪಡೆದು, ಪ್ರತಿಯಾಗಿ ರೋಮಿಗೆ ಸೈನಿಕರನ್ನು ಕೊಡಲು ಒಪ್ಪಿ ಅವರು ಒಪ್ಪಂದಕ್ಕೆ ಬಂದರು. ಗೆದ್ದವರು ನೆಲ ಬೇಡಿದುದು ವಿಚಿತ್ರವೆನಿಸಬಹುದು. ಆದರೆ ಅದು ಹಸಿದವರ ಗೆಲವು.

ಅಲಾರಿಕನ ಕಾಲದಲ್ಲಿಯೂ ಇದೇ ಕತೆ. ಪಶ್ಚಿಮದ ದಂಡನಾಯಕ ಸ್ಟಿಲಿಕೋ ಬದುಕಿರುವವರೆಗೆ ಅಲಾರಿಕನನ್ನು ತಡೆದು ನಿಲ್ಲಿಸಿದ್ದನು. ಈ ಸ್ಟಿಲಿಕೋವಿನ ತಂದೆ ವ್ಯಾಂಡಲನೆಂಬುದನ್ನು ‘ರೋಮನ್ನರು’, ‘ಅನಾಗರಿಕರು’ ಎಂದು ಗೆರೆ ಎಳೆದಂತೆ ವಿಂಗಡಿಸುವವರು ನೆನಪಿಡಬೇಕು. ೪೦೮ರ ಆಗಸ್ಟಿನಲ್ಲಿ ಅವನು ತನ್ನ ಚಕ್ರವರ್ತಿಯ ಆಜ್ಞೆಯಿಂದಲೇ ಹತನಾದನು. ಅದೇ ವರ್ಷ ಅಲಾರಿಕನು ರೋಮಿಗೆ ಮುತ್ತಿಗೆ ಹಾಕಿದನು. ಅವನು ಗೋಡೆಗಳಿಗೆ ಲಗ್ಗೆ ಹಾಕಲಿಲ್ಲ. ಟೈಬರ್ ನದಿಯ ಸಂಚಾರವನ್ನು ಕಟ್ಟಿದನು. ನಗರದಲ್ಲಿ ದಿನದ ರೊಟ್ಟಿಯ ಪಾಲು ಅರ್ಧಕ್ಕಿಳಿಯಿತು, ಆಮೇಲೆ ಮೂರನೆಯ ಒಂದಕ್ಕಿಳಿಯಿತು. ಕೊನೆಗೆ ನಾಗರಿಕರು ತೆರಲು ಒಪ್ಪಿದ ದಂಡದ ಪಟ್ಟಿಯನ್ನು ಜೋಸಿಮಸನು ಕೊಟ್ಟಿದ್ದಾನೆ: ೫,೦೦೦ ಪೌಂಡು ಚಿನ್ನ, ೩೦,೦೦೦ ಪೌಂಡು ಬೆಳ್ಳಿ, ೪,೦೦೦ ರೇಷ್ಮೆಯ ಅಂಗಿ, ಕೆಂಪು ಬಣ್ಣ ಕಟ್ಟಿದ ೩,೦೦೦ ತೊಗಲು, ೩,೦೦೦ ಪೌಂಡು ಮೆಣಸು. ಈ ಮೆಣಸು ಭಾರತದ ಪಶ್ಚಿಮ ಕರಾವಳಿಯ ಸರಕು. ಆ ವ್ಯಾಪಾರದ ಗುರುತು ನಮ್ಮಲ್ಲಿಯೂ ಇದೆ: ಹಾವೇರಿ ಜಿಲ್ಲೆಯ ಅಕ್ಕಿ ಆಲೂರಿನಲ್ಲಿ ದೊರೆತ ಚಿನ್ನದ ನಾಣ್ಯಗಳಲ್ಲಿ ಐದನೆಯ ಶತಮಾನದ ಎರಡನೆಯ ಥಿಯೊಡೋಸಿಯಸನೇ ಮೊದಲಾದ ಪೂರ್ವ ರೋಮಿನ ಚಕ್ರವರ್ತಿಗಳ ಮುದ್ರೆಗಳಿವೆ.

ಮರುವರ್ಷ ಅಲಾರಿಕನು ಪೋರ್ಟಸ್ ಬಂದರನ್ನೂ ಅಲ್ಲಿನ ಕಣಜಗಳನ್ನೂ ಹಿಡಿದನು. ಆಗ ರೋಮಿನ ಸೆನೆಟ್ ಸಭೆಯು ಅವನು ಸೂಚಿಸಿದ ಅಟಾಲಸನನ್ನು ಚಕ್ರವರ್ತಿಯೆಂದು ಒಪ್ಪಿಕೊಂಡಿತು. ಆದರೆ ಕೀಲಿಕೈ ಪೋರ್ಟಸಿನಲ್ಲಿರಲಿಲ್ಲ, ಕಾರ್ಥೇಜಿನಲ್ಲಿದ್ದಿತು. ರವೆನ್ನದಲ್ಲಿದ್ದ ಹೊನೋರಿಯಸನಿಗೆ ನಿಷ್ಠನಾಗಿದ್ದ ಆಫ್ರಿಕದ ಅಧಿಪತಿ ಹೆರಾಕ್ಲಿಯನ್ನನು ಧಾನ್ಯದ ಹಡಗುಗಳನ್ನು ಹೊರಡಿಸಲಿಲ್ಲ. ಅಟಾಲಸನ ಸಿಂಹಾಸನ ಅಲುಗಾಡಿತು. ೪೧೦ರ ಆಗಸ್ಟ್ ೨೪ರಂದು ಗಾಥರು ನಗರವನ್ನು ಹೊಕ್ಕು ಮೂರು ದಿನ ಸೂರೆ ಮಾಡಿದರು. ಜಗತ್ತು ಬೆಚ್ಚಿಬಿದ್ದಿತು. ಆದರೆ ಅಲಾರಿಕನ ಗಂಟಿನಲ್ಲಿ ಈಗ ಚಿನ್ನವಿದ್ದಿತೇ ಹೊರತು ಅವನ ಜನಕ್ಕೆ ಅನ್ನವಿರಲಿಲ್ಲ. ಸೂರೆಯಾದ ಕೂಡಲೇ ಅವನು ದಕ್ಷಿಣಕ್ಕೆ ಹೊರಟನು. ಸಿಸಿಲಿಯ ಮೂಲಕ ಆಫ್ರಿಕಕ್ಕೆ ದಾಟುವುದು ಅವನ ಉದ್ದೇಶ. ಬಿರುಗಾಳಿ ಅವನ ಹಡಗುಗಳನ್ನು ಒಡೆಯಿತು. ಕೆಲವು ಕಾಲದಲ್ಲಿಯೇ ಅವನು ತೀರಿಕೊಂಡನು. ಕೆಲವು ವರ್ಷಗಳ ಅನಂತರ ಸ್ಪೇನಿನಿಂದ ವಾಲಿಯ ಎಂಬ ಗಾಥ ದೊರೆ ಇದೇ ಪ್ರಯತ್ನ ಮಾಡಿದನು. ಅವನ ಹಡಗುಗಳಿಗೂ ಅದೇ ಗತಿಯಾಯಿತು. ರೋಮನ್ ಸೇನಾನಿ ಕಾನ್‌ಸ್ಟಾಂಟಿಯಸನು ಅಷ್ಟರಲ್ಲಿ ಕಡಲದಾರಿಗಳನ್ನು ಮುಚ್ಚಿ ಗಾಥರನ್ನು ಹಸಿವಿಗೆ ದೂಡಿದ್ದನು. ಆಗ ಸ್ಪೇನಿನಲ್ಲಿಯೇ ಇದ್ದ ವ್ಯಾಂಡಲರು ಅವರಿಗೆ ಗೋಧಿ ಮಾರಿದರು. ಒಂದು ಚಿನ್ನದ ನಾಣ್ಯಕ್ಕೆ ಒಂದು ‘ಟ್ರೂಲಾ’, ಎಂದರೆ ಒಂದು ಸಣ್ಣ ಸೌಟು ಗೋಧಿ! ಅಂದಿನಿಂದ ವ್ಯಾಂಡಲರು ಗಾಥರನ್ನು ‘ಟ್ರೂಲಿ’ಗಳೆಂದು ಹಂಗಿಸುತ್ತಿದ್ದರೆಂದು ಒಲಿಂಪಿಯೊಡೋರಸನು ಹೇಳುತ್ತಾನೆ. ೪೧೬ರಲ್ಲಿ ವಾಲಿಯನು ಆರು ಲಕ್ಷ ಮೋದಿಯಸ್ ಧಾನ್ಯಕ್ಕಾಗಿ ರೋಮಿನೊಡನೆ ಸಂಧಿ ಮಾಡಿಕೊಂಡನು. ಒಂದು ಮೋದಿಯಸ್ಸೆಂದರೆ ಒಂಬತ್ತು ಲೀಟರಿಗೆ ತುಸು ಕಡಮೆ. ಈ ಧಾನ್ಯದ ಋಣಕ್ಕೆ ಗಾಥರು ಮಾಡಿದ ಮೊದಲ ಕೆಲಸವೆಂದರೆ ಸ್ಪೇನಿನ ಅಲನರನ್ನೂ ವ್ಯಾಂಡಲರ ಒಂದು ಶಾಖೆಯನ್ನೂ ನುಚ್ಚುನೂರು ಮಾಡಿದುದು. ಅನಂತರ ೪೧೮ರಲ್ಲಿ ಅವರಿಗೆ ಗಾಲ್ ದೇಶದ ಅಕ್ವಿಟೇನಿನಲ್ಲಿ ನೆಲೆ ದೊರೆಯಿತು.

ಅಳಿದುಳಿದ ವ್ಯಾಂಡಲರು ಈ ಪೆಟ್ಟಿನಿಂದ ಕಲಿತರು. ೪೦೬ರ ಕಡೆಯ ದಿನ ರೈನ್ ನದಿಯನ್ನು ದಾಟಿದಾಗ ಅವರಿಗೆ ಸಮುದ್ರದ ಗಂಧವೇ ಇರಲಿಲ್ಲ. ದಕ್ಷಿಣ ಸ್ಪೇನಿನ ಬಂದರುಗಳು ಕೈಸೇರಿದ ಮೇಲೆ, ೪೨೫ರ ಸುಮಾರಿಗೆ, ಅವರು ಬಾಲಿಯಾರಿಕ್ ದ್ವೀಪಗಳವರೆಗೆ ಹಡಗುಗಳಲ್ಲಿ ಹೋಗಿ ಕೊಳ್ಳೆ ಹೊಡೆಯುತ್ತಿದ್ದರು. ೪೨೮ರಲ್ಲಿ ಗೈಸೆರಿಕನು ದೊರೆಯಾದನು. ಕುದುರೆಯಿಂದ ಬಿದ್ದು ಕುಂಟನಾಗಿದ್ದವನು, ಮಿತಭಾಷಿ, ಶತ್ರುಗಳ ನಡುವೆ ಒಡಕು ಬಿತ್ತುವುದರಲ್ಲಿ ನಿಪುಣ ಎಂದು ಜೋರ್ಡಾನಿಸನು ಅವನನ್ನು ಚಿತ್ರಿಸಿದ್ದಾನೆ. ಅಲಾರಿಕನಿಗೂ ವಾಲಿಯನಿಗೂ ಸಾಧ್ಯವಾಗದುದನ್ನು ಇವನು ೪೨೯ರಲ್ಲಿ ಸಾಧಿಸಿದನು: ತನ್ನ ಜನವನ್ನೆಲ್ಲ ಹಡಗುಗಳಲ್ಲಿ ಆಫ್ರಿಕಕ್ಕೆ ದಾಟಿಸಿದನು. ದಾಟಿದವರ ಸಂಖ್ಯೆ ಎಂಬತ್ತು ಸಾವಿರವೆಂದು ವೀಟಾದ ವಿಕ್ಟರನು ಬರೆದಿದ್ದಾನೆ; ಆದರೆ ಮುದುಕರು, ಮಕ್ಕಳು, ಗುಲಾಮರು ಎಲ್ಲರೂ ಆ ಲೆಕ್ಕದಲ್ಲಿ ಸೇರಿದ್ದಾರೆಂದು ಅವನೇ ಹೇಳುತ್ತಾನೆ. ಕಾದಬಲ್ಲವರು ಹದಿನೈದು ಇಪ್ಪತ್ತು ಸಾವಿರವನ್ನು ಮೀರಿರಲಾರರೆಂದು ವಿದ್ವಾಂಸರ ಊಹೆ. ಆಫ್ರಿಕದ ರೋಮನ್ ಅಧಿಪತಿ ಬಾನಿಫೇಸನೇ ದ್ವೇಷದಿಂದ ಇವರನ್ನು ಕರೆಸಿದನೆಂದು ಒಂದು ಶತಮಾನದ ತರುವಾಯ ಬರೆದ ಪ್ರೊಕೋಪಿಯಸನ ಹೇಳಿಕೆ. ನಮಗೆ ಇದರಲ್ಲಿ ನಂಬಿಕೆ ಸಾಲದು. ದೊಡ್ಡ ನಷ್ಟವೊದಗಿದಾಗ ಒಬ್ಬ ದ್ರೋಹಿಯನ್ನು ಹುಡುಕುವುದು ಜನರ ಸ್ವಭಾವ. ಬಾನಿಫೇಸನಾದರೋ ವ್ಯಾಂಡಲರೊಡನೆ ಹೋರಾಡಿಯೇ ಸೋತವನು.

ಹಿಪ್ಪೋ ನಗರದ ಮುತ್ತಿಗೆ ೪೩೦ರಲ್ಲಿ ಆರಂಭವಾಯಿತು. ಅಲ್ಲಿನ ಬಿಷಪನಾಗಿದ್ದ ಸಂತ ಅಗಸ್ಟೀನನು ಮುತ್ತಿಗೆಯ ಮೂರನೆಯ ತಿಂಗಳಲ್ಲಿ, ಆಗಸ್ಟ್ ೨೮ರಂದು, ಗೋಡೆಯ ಹೊರಗೆ ಶತ್ರುಗಳಿರುವಾಗಲೇ ಕಾಲವಾದನು. ಸುಮಾರು ಹದಿನಾಲ್ಕು ತಿಂಗಳಾದರೂ ವ್ಯಾಂಡಲರು ಆ ನಗರವನ್ನು ಲಗ್ಗೆಯಿಂದ ಗೆಲ್ಲಲಾಗಲಿಲ್ಲ. ಕೋಟೆ ಮುರಿಯುವ ಕಲೆ ಅವರಿಗೂ ಗಾಥರಂತೆಯೇ ತಿಳಿಯದು. ೪೩೫ರ ಸಂಧಿಯಲ್ಲಿ ಗೈಸೆರಿಕನು ನುಮಿಡಿಯದ ಪ್ರದೇಶಗಳಿಗೆ ತೃಪ್ತನಾದವನಂತೆ ನಟಿಸಿದನು. ನಾಲ್ಕು ವರ್ಷ ಕಾದನು. ೪೩೯ರಲ್ಲಿ ಪಶ್ಚಿಮದ ಮಹಾಸೇನಾನಿ ಏಯಿಷಿಯಸನ ಗಮನವೆಲ್ಲ ಗಾಲ್ ದೇಶದ ಮೇಲಿದ್ದಿತು. ಟೂಲೂಸಿನ ಬಳಿ ಗಾಥರು ಅವನ ಅಧೀನ ಸೇನಾನಿ ಲಿಟೋರಿಯಸನನ್ನು ಸೋಲಿಸಿ ಸೆರೆಹಿಡಿದರು. ಅದೇ ವರ್ಷ ಗೈಸೆರಿಕನು ಸಂಧಿಯನ್ನು ಮುರಿದು ಕಾರ್ಥೇಜನ್ನು ಹಿಡಿದನು. ಇಬ್ಬರೂ ಕೂಡಿ ಆಲೋಚಿಸಿದರೆಂದು ಹೇಳಲು ಆಧಾರವಿಲ್ಲ. ಆದರೆ ಒಬ್ಬರು ಕೈಯನ್ನು ಕಟ್ಟಿಹಾಕಿದಾಗ ಇನ್ನೊಬ್ಬರು ಕಣಜಕ್ಕೆ ಕನ್ನ ಹಾಕಿದಂತಾಯಿತು.

ಕಾರ್ಥೇಜಿನೊಡನೆ ಅದರ ಬಂದರು, ಹಡಗು ಕಟ್ಟುವ ಕಮ್ಮಟಗಳು, ನುರಿತ ನಾವಿಕರು ಎಲ್ಲವೂ ಗೈಸೆರಿಕನಿಗೆ ದೊರೆತುವು. ರೋಮಿಗೆ ಗೋಧಿ ತರುತ್ತಿದ್ದ ದಾರಿಯಲ್ಲಿಯೇ ಈಗ ಶತ್ರು ಬರತೊಡಗಿದನು. ಈ ಭೀತಿಯ ಸಾಕ್ಷಿ ಕಾನೂನಿನ ಪುಟಗಳಲ್ಲಿದೆ. ೪೪೦ರ ಜೂನ್ ೨೪ರ ಶಾಸನದಲ್ಲಿ ಮೂರನೆಯ ವ್ಯಾಲೆಂಟೀನಿಯನ್ನನು, ಗೈಸೆರಿಕನ ಹಡಗುಗಳು ಎಲ್ಲಿ ಬಂದಿಳಿಯುವುವೆಂಬುದು ತಿಳಿಯದ ಕಾರಣ ಪ್ರಜೆಗಳು ಆಯುಧ ಹಿಡಿದು ತಮ್ಮ ಆಸ್ತಿಯನ್ನು ಕಾಪಾಡಿಕೊಳ್ಳಬಹುದೆಂದು ಅನುಮತಿ ಕೊಟ್ಟನು. ಪೂರ್ವದ ಚಕ್ರವರ್ತಿ ೪೪೧ರಲ್ಲಿ ಕಳುಹಿಸಿದ ನೌಕಾಪಡೆ ಸಿಸಿಲಿಯವರೆಗೆ ಬಂದಿತು. ಅಷ್ಟರಲ್ಲಿ ಹೂಣರು ಡ್ಯಾನ್ಯೂಬ್ ದಾಟಿದುದರಿಂದ ಅದನ್ನು ಹಿಂದಕ್ಕೆ ಕರೆಯಬೇಕಾಯಿತು. ೪೪೨ರ ಸಂಧಿಯಲ್ಲಿ ಆಫ್ರಿಕದ ಅತ್ಯಂತ ಫಲವತ್ತಾದ ಪ್ರಾಂತಗಳನ್ನು ರೋಮ್ ವ್ಯಾಂಡಲರಿಗೆ ಬಿಟ್ಟುಕೊಟ್ಟಿತು. ಎರಡು ವರ್ಷಗಳ ತರುವಾಯದ ಶಾಸನವೊಂದರಲ್ಲಿ ನಮ್ಮ ವಾದಕ್ಕೆ ಬೇಕಾದ ತಪ್ಪೊಪ್ಪಿಗೆಯೇ ಸಿಗುತ್ತದೆ. ಮಾರಾಟವಾಗುವ ಪ್ರತಿಯೊಂದು ವಸ್ತುವಿನ ಮೇಲೆ ಬೆಲೆಯ ಇಪ್ಪತ್ತನಾಲ್ಕನೆಯ ಒಂದು ಪಾಲನ್ನು ಹೊಸ ತೆರಿಗೆಯಾಗಿ ವಿಧಿಸುತ್ತ, ಬರುತ್ತಿರುವ ಆದಾಯವು ಹೊಸ ಸೈನಿಕರಿಗಿರಲಿ, ಇರುವ ಸೈನಿಕರ ಊಟಬಟ್ಟೆಗೂ ಸಾಲದೆಂದು ಸರ್ಕಾರ ಅದರಲ್ಲಿ ಒಪ್ಪಿಕೊಂಡಿದೆ. ಮರುವರ್ಷ, ೪೪೫ರಲ್ಲಿ, ರೋಮಿಗೆ ಉಳಿದಿದ್ದ ನುಮಿಡಿಯ ಮತ್ತು ಮಾರಿಟೇನಿಯಗಳ ಭೂಕಂದಾಯವನ್ನು ಹಿಂದಿನದರ ಎಂಟನೆಯ ಒಂದು ಪಾಲಿಗೆ ಇಳಿಸಬೇಕಾಯಿತು; ಆ ನಾಡುಗಳು ಅಷ್ಟು ಬಡವಾಗಿದ್ದುವು. ಏಡ್ರಿಯಾನೋಪಲಿನಲ್ಲಿ ಒಂದು ಸೈನ್ಯ ನಾಶವಾಗಿತ್ತು. ಕಾರ್ಥೇಜಿನಲ್ಲಿ ನಾಶವಾದುದು ಮುಂದಿನ ಸೈನ್ಯಗಳನ್ನು ಕಟ್ಟುವ ಶಕ್ತಿ.

೪೫೫ರ ಸೂರೆಯ ಬಗೆಗೆ ಎಲ್ಲರೂ ಬರೆದಿದ್ದಾರೆ. ವ್ಯಾಲೆಂಟೀನಿಯನ್ನನ ಕೊಲೆಯಾದ ಮೇಲೆ ಗೈಸೆರಿಕನು ಜೂನ್ ೨ರಂದು ರೋಮನ್ನು ಹೊಕ್ಕು ಹದಿನಾಲ್ಕು ದಿನ ಅಚ್ಚುಕಟ್ಟಾಗಿ ದೋಚಿದನು. ಪೋಪ್ ಲಿಯೋವಿನ ಪ್ರಾರ್ಥನೆಗೆ ಓಗೊಟ್ಟು ಬೆಂಕಿ ಕತ್ತಿಗಳನ್ನು ತಕ್ಕಮಟ್ಟಿಗೆ ತಡೆದಿದ್ದನೆಂದೂ ಹೇಳುತ್ತಾರೆ. ಜೂಪಿಟರನ ದೇವಾಲಯದ ಅರ್ಧ ಛಾವಣಿ, ಟೈಟಸನು ಜೆರೂಸಲೇಮಿನಿಂದ ತಂದಿದ್ದ ಪಾತ್ರೆಗಳು, ಚಕ್ರವರ್ತಿಯ ವಿಧವೆ ಯೂಡೋಕ್ಸಿಯ ಮತ್ತು ಅವಳ ಹೆಣ್ಣುಮಕ್ಕಳು, ಸಾವಿರಾರು ಸೆರೆಯಾಳುಗಳು ಹಡಗು ಹತ್ತಿದರು. ‘ವ್ಯಾಂಡಲಿಸಂ’ ಎಂಬ ಬೈಗುಳಕ್ಕೆ ಈ ಶಿಸ್ತಿನ ದರೋಡೆ ಹೊಂದುವುದಿಲ್ಲವೆಂದು ಕೆಲವರು ವ್ಯಾಂಡಲರ ಪರವಾಗಿ ವಾದಿಸುವುದುಂಟು. ಅದು ನಿಜ, ಆದರೆ ಸೆರೆಯಾಳುಗಳಿಗೆ ಈ ವಾದದಿಂದೇನು ಪ್ರಯೋಜನ? ಕಾರ್ಥೇಜಿನಲ್ಲಿ ಗಂಡ ಒಬ್ಬರ ಪಾಲಿಗೆ, ಹೆಂಡತಿ ಇನ್ನೊಬ್ಬರ ಪಾಲಿಗೆ ಹಂಚಿಹೋಗುತ್ತಿದ್ದುದನ್ನು ಕಂಡು ಅಲ್ಲಿನ ಬಿಷಪ್ ಡಿಯೋಗ್ರಾಷಿಯಸನು ಚರ್ಚಿನ ಬೆಳ್ಳಿಬಂಗಾರದ ಪಾತ್ರೆಗಳನ್ನು ಮಾರಿ ಅವರನ್ನು ಬಿಡಿಸಿದನು. ಎರಡು ದೊಡ್ಡ ಚರ್ಚುಗಳಲ್ಲಿ ಹುಲ್ಲು ಹಾಸಿ ಮಲಗಲು ಜಾಗ ಮಾಡಿಕೊಟ್ಟನು.

ಆಫ್ರಿಕವಿಲ್ಲದೆ ತಮಗೆ ಉಳಿಗಾಲವಿಲ್ಲವೆಂಬುದು ರೋಮನ್ನರಿಗೂ ತಿಳಿದಿತ್ತು. ೪೬೦ರಲ್ಲಿ ಚಕ್ರವರ್ತಿ ಮೇಜೋರಿಯನ್ನನು ಸ್ಪೇನಿನ ಕರಾವಳಿಯಲ್ಲಿ ನೌಕಾಪಡೆಯನ್ನು ಸಿದ್ಧಪಡಿಸಿದನು. ಅದು ಹೊರಡುವ ಮುನ್ನವೇ ವ್ಯಾಂಡಲರು ಅದನ್ನು ಹಿಡಿದರು. ಮರುವರ್ಷ ಅವನ ಕೊಲೆಯಾಯಿತು. ೪೬೮ರಲ್ಲಿ ಪೂರ್ವ ಪಶ್ಚಿಮಗಳೆರಡೂ ಕೂಡಿ ಕಡೆಯ ಪ್ರಯತ್ನ ಮಾಡಿದುವು. ಹಡಗುಗಳ ಸಂಖ್ಯೆ ಸಾವಿರವನ್ನು ಮೀರಿತ್ತೆಂದು ಬೈಜಾಂಟಿಯಮಿನ ಲೇಖಕರು ಹೇಳುತ್ತಾರೆ. ಖರ್ಚು ೬೫,೦೦೦ ಪೌಂಡು ಚಿನ್ನ ಮತ್ತು ೭,೦೦,೦೦೦ ಪೌಂಡು ಬೆಳ್ಳಿ ಎಂದು ಲಿಡಿಯದ ಜಾನನ ಲೆಕ್ಕ. ೧,೩೦,೦೦೦ ಪೌಂಡು ಚಿನ್ನವೆಂದು ಪ್ರೊಕೋಪಿಯಸನ ಲೆಕ್ಕ. ಅಲಾರಿಕನು ರೋಮಿನಿಂದ ವಸೂಲು ಮಾಡಿದ ೫,೦೦೦ ಪೌಂಡಿನೊಡನೆ ಇದನ್ನು ಹೋಲಿಸಿದರೆ ಪಣ ಎಷ್ಟು ದೊಡ್ಡದಾಗಿತ್ತೆಂಬುದು ಗೊತ್ತಾಗುತ್ತದೆ. ಸೇನಾನಿ ಬೆಸಿಲಿಸ್ಕಸನು ಕಾರ್ಥೇಜಿಗೆ ಅನತಿದೂರದಲ್ಲಿ ಲಂಗರು ಹಾಕಿದನು. ಗೈಸೆರಿಕನು ಸಂಧಿಯ ನೆಪದಲ್ಲಿ ಐದು ದಿನ ಅವಧಿ ಕೇಳಿದನು. ಅವನು ಕಾಯುತ್ತಿದ್ದುದು ಗಾಳಿಗೆ. ಗಾಳಿ ತಿರುಗಿತು, ಬೆಂಕಿ ಹಚ್ಚಿದ ಖಾಲಿ ಹಡಗುಗಳನ್ನು ವ್ಯಾಂಡಲರು ಒತ್ತೊತ್ತಾಗಿ ನಿಂತಿದ್ದ ರೋಮನ್ ಹಡಗುಗಳ ಮೇಲೆ ಬಿಟ್ಟರು. ಬೆಸಿಲಿಸ್ಕಸನು ಲಂಚ ತಿಂದನೆಂಬ ಮಾತು ಆಗಲೇ ಹುಟ್ಟಿತು. ಬಾನಿಫೇಸನ ಕತೆಯಂತೆಯೇ ಇದನ್ನೂ ನಾವು ಬದಿಗಿರಿಸಬಹುದು. ಎಂಟು ವರ್ಷಗಳ ತರುವಾಯ ಇಟಲಿಯಲ್ಲಿ ದಂಗೆಯೆದ್ದ ಕೂಲಿ ಸೈನಿಕರು ಕೇಳಿದುದು ಸಂಬಳವನ್ನಲ್ಲ, ಇಟಲಿಯ ಭೂಮಿಯ ಮೂರನೆಯ ಒಂದು ಪಾಲನ್ನು. ಕೊಡಲು ಬೊಕ್ಕಸದಲ್ಲಿ ಬೇರೇನೂ ಇರಲಿಲ್ಲವೆಂಬುದು ಅವರಿಗೆ ಚೆನ್ನಾಗಿ ಗೊತ್ತಿದ್ದಿತು.

ಇಲ್ಲಿ ಒಂದು ಆಕ್ಷೇಪಣೆಯನ್ನು ಎದುರಿಸಬೇಕು. ವ್ಯಾಂಡಲರ ಆಳ್ವಿಕೆಯಲ್ಲಿ ಆಫ್ರಿಕ ಹಾಳಾಗಲಿಲ್ಲವೆಂದು ಪುರಾತತ್ತ್ವ ಶೋಧನೆಗಳು ತೋರಿಸಿವೆ. ಆಫ್ರಿಕದ ಕೆಂಪು ಮಡಕೆಗಳು ಆ ಕಾಲದಲ್ಲಿಯೂ ಮೆಡಿಟರೇನಿಯನ್ ತೀರದ ಊರುಗಳಿಗೆ ಹೋಗುತ್ತಿದ್ದುವು. ಅಲ್ಜೀರಿಯ ಮತ್ತು ಟ್ಯುನೀಸಿಯಗಳ ಗಡಿಯಲ್ಲಿ ೧೯೨೮ರಲ್ಲಿ ದೊರೆತ ಮರದ ಹಲಗೆಗಳಲ್ಲಿ ೪೯೩ರಿಂದ ೪೯೬ರವರೆಗಿನ ಕ್ರಯಪತ್ರಗಳಿವೆ. ಸಣ್ಣ ರೈತರು ವ್ಯಾಂಡಲ ದೊರೆಯ ಆಳ್ವಿಕೆಯ ವರ್ಷವನ್ನು ನಮೂದಿಸಿ, ರೋಮನ್ ಕಾನೂನಿನ ಪದ್ಧತಿಯಂತೆಯೇ ತಮ್ಮ ಆಲಿವ್ ಗಿಡಗಳನ್ನು ಕೊಂಡು ಮಾರಿದ್ದಾರೆ. ಹಾಗಾದರೆ ಕಾರ್ಥೇಜಿನ ಪತನದಿಂದ ಅಂಥ ನಷ್ಟವೇನಾಯಿತು ಎಂದು ಕೇಳುವವರಿದ್ದಾರೆ. ಗೋಧಿ ಬೆಳೆಯುವುದು ಬೇರೆ, ಅದು ಯಾರಿಗೆ ಸಲ್ಲುತ್ತದೆಂಬುದು ಬೇರೆ. ೪೩೯ಕ್ಕೆ ಮುಂಚೆ ಅದು ರೋಮಿಗೆ ಕಂದಾಯವಾಗಿ ಬರುತ್ತಿತ್ತು; ಆಮೇಲೆ ಬಂದರೆ ಸರಕಾಗಿ ಬರಬೇಕು, ಬೆಲೆ ತೆತ್ತು ಕೊಳ್ಳಬೇಕು. ರೈತನ ಹೊಲದಲ್ಲಿ ನಿಂತು ನೋಡಿದರೆ ಬದಲಾವಣೆ ಅಲ್ಪ; ರವೆನ್ನದ ಬೊಕ್ಕಸದಲ್ಲಿ ನಿಂತು ನೋಡಿದರೆ ಅದು ಸರ್ವನಾಶ. ಮಡಕೆಯ ಚೂರುಗಳು ಮೊದಲನೆಯದನ್ನು ಹೇಳುತ್ತವೆ, ಶಾಸನಗಳು ಎರಡನೆಯದನ್ನು. ಇವುಗಳಲ್ಲಿ ವಿರೋಧವಿಲ್ಲ.

ಗೈಸೆರಿಕನು ೪೭೭ರಲ್ಲಿ ಮುಪ್ಪಿನಿಂದ ಸತ್ತನು. ೫೩೩ರಲ್ಲಿ ಜಸ್ಟಿನಿಯನ್ನನ ಸೇನಾನಿ ಬೆಲಿಸಾರಿಯಸನು ಹದಿನೈದು ಸಾವಿರದಷ್ಟು ಸೈನಿಕರೊಡನೆ ಬಂದು ವ್ಯಾಂಡಲರ ರಾಜ್ಯವನ್ನು ಕೆಲವೇ ತಿಂಗಳುಗಳಲ್ಲಿ ಗೆದ್ದನು. ಆಫ್ರಿಕ ರೋಮನ್ನರಿಗೆ ಮರಳಿತು. ಆದರೆ ಅದರ ಒಡೆತನ ಈಗ ಕಾನ್‌ಸ್ಟಾಂಟಿನೋಪಲಿನದು. ಅನಂತರ ಇಟಲಿಯಲ್ಲಿ ಪೂರ್ವ ಗಾಥರೊಡನೆ ಸುಮಾರು ಇಪ್ಪತ್ತು ವರ್ಷ ನಡೆದ ಯುದ್ಧದಲ್ಲಿ ಹಳೆಯ ರಾಜಧಾನಿಯು ಮತ್ತೆ ಮತ್ತೆ ಮುತ್ತಿಗೆಗೊಳಗಾಯಿತು. ೫೩೭ರಲ್ಲಿ ಗಾಥರು ನಗರದ ನೀರುಕಾಲುವೆಗಳನ್ನು ಕಡಿದಾಗ ಹಿಟ್ಟಿನ ಗಿರಣಿಗಳು ನಿಂತುಹೋದುವು. ಬೆಲಿಸಾರಿಯಸನು ಟೈಬರ್ ನದಿಯಲ್ಲಿ ಜೋಡಿ ದೋಣಿಗಳನ್ನು ಕಟ್ಟಿ, ಅವುಗಳ ನಡುವೆ ಚಕ್ರಗಳನ್ನಿರಿಸಿ ಹಿಟ್ಟು ಬೀಸಿಸಿದನು. ೫೪೬ರಲ್ಲಿ ಗಾಥರ ದೊರೆ ಟೋಟಿಲನು ಮುತ್ತಿದಾಗ ಅಂಥ ಸೇನಾನಿ ಒಳಗಿರಲಿಲ್ಲ. ಪೋಪ್ ವಿಜಿಲಿಯಸನು ಸಿಸಿಲಿಯಿಂದ ಕಳುಹಿಸಿದ ಧಾನ್ಯದ ಹಡಗುಗಳನ್ನು ಗಾಥರು ಬಂದರಿನಲ್ಲಿಯೇ ಹಿಡಿದರು. ಜನರು ತುರಿಕೆ ಸೊಪ್ಪನ್ನು ಬೇಯಿಸಿ ತಿಂದರು. ನಗರವನ್ನು ಕಾಯುತ್ತಿದ್ದ ರೋಮನ್ ದಳಪತಿ ಬೆಸಾಸನು ಸೈನ್ಯದ ಕಣಜದಿಂದ ಗೋಧಿಯನ್ನು ತೆಗೆದು, ಒಂದು ಮೆಡಿಮ್ನಸ್ ಅಳತೆಗೆ ಏಳು ಚಿನ್ನದ ನಾಣ್ಯದಂತೆ ಹಣವಂತರಿಗೆ ಮಾರುತ್ತಿದ್ದನೆಂದು ಪ್ರೊಕೋಪಿಯಸನು ಬರೆದಿದ್ದಾನೆ. ಈ ಬೆಸಾಸನು ಹುಟ್ಟಿನಿಂದ ಗಾಥನು. ಹಿಂದಿನಿಂದಲೂ ಥ್ರೇಸಿನಲ್ಲಿ ನೆಲೆಸಿದ್ದು, ಪೂರ್ವ ಗಾಥರ ದೊರೆ ಥಿಯೊಡೊರಿಕನು ತನ್ನವರನ್ನು ಇಟಲಿಗೆ ಕರೆದೊಯ್ದಾಗ ಅವನ ಹಿಂದೆ ಹೋಗದೆ ಅಲ್ಲಿಯೇ ಉಳಿದ ಗಾಥರ ಕುಲದವನು.